ಪುಸ್ತಕ ಮುಗಿಯಿತು, ಮೊದಲ ಥ್ಯಾಂಕ್ಸ್ ಅಜ್ಜಿಗೆ

ಅಂತೂ ಮುಗಿಯಿತು. ಎರಡನೇ ಮಹಾಯುದ್ಧದ ಇಟಲಿ ಜನರಲ್ ಜೊವಾನ್ನಿ ಮೆಸ್ಸೆ ಬಗ್ಗೆ ಐದು ವರ್ಷದಿಂದ ಎಳೆದಾಡುತ್ತಿದ್ದ ಪುಸ್ತಕದ ಕೊನೇ ಪ್ರೂಫ್ ಸೋಮವಾರ ಪ್ರೆಸ್ಸಿಗೆ ಹೋಯಿತು. 'ಯಾವ ಮೆಸ್ಸಿನ ಕಥೆ ಮಾರಾಯ, ಊಟ ಚೆನ್ನಾಗಿದೆಯಾ?' ಎಂದು ಕಾಡಿಸಿದ ಗೆಳೆಯರೇ, ಇನ್ನು ಬೇರೆ ಜೋಕ್ ಹುಡುಕಿಕೊಳ್ಳಿ.

ಕರಡು ಓದಿದ ಅಕ್ಕ, ನಕ್ಷೆ ಬರೆದುಕೊಟ್ಟ ಗೆಳೆಯ, ರೋಮ್‌ನ ಗ್ರಂಥಾಲಯದಲ್ಲಿ ನನ್ನ ಹರಕುಮುರುಕು ಇಟಾಲಿಯನ್ ಸಹಿಸಿಕೊಂಡವರು, ಮುಂಗಡ ಕೊಟ್ಟೂ ಫೋನ್ ಮಾಡಿ ಪೀಡಿಸದ ಪ್ರಕಾಶಕರು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರಾಗಬೇಡಿ. ಉಳಿದ ಜಾಗವೆಲ್ಲ ದಕ್ಷಿಣ ಇಟಲಿಯ ಲೆಚ್ಚೆ ಊರಿನ ನನ್ನ ಮನೆ ಮಾಲೀಕಿ ಅಜ್ಜಿಗೆ ಬೇಕು.

ಅಪ್ಪ ಹೋದ ರಾತ್ರಿಯ ವಿಷಯ ನಿಮಗೆಲ್ಲ ಗೊತ್ತು. ಲಾಕ್‌ಡೌನ್ ಕಾಲ. ಮಣ್ಣಿಗೆ ಹೋಗಲಾಗಲಿಲ್ಲ. ಅಷ್ಟೇ ಸಾಕು.

ರಾತ್ರಿ ಹನ್ನೊಂದಕ್ಕೆ ಅಜ್ಜಿ ಒಂದು ಬುಟ್ಟಿ ಫಾವಾ ಕಾಯಿ ಹಿಡಿದು ಮೇಲೆ ಬಂದರು. ಸಮಾಧಾನದ ಮಾತು ಒಂದೂ ಇಲ್ಲ. ಬುಟ್ಟಿಯನ್ನು ಟೇಬಲ್ ಮೇಲೆ ಸುರಿದು ಸುಲಿಯಲು ಕೂತರು. ನಾನೂ ಕೂತೆ. ನಮ್ಮ ಅವರೆಕಾಯಿಗಿಂತ ದಪ್ಪ, ಒಳಗೆ ಬಿಳಿ ಹತ್ತಿ ಹಾಸಿದ ಹಾಗೆ ಇರುತ್ತದೆ. ಸುಲಿದಷ್ಟೂ ಬೆರಳ ತುದಿ ಕಪ್ಪಾಗುತ್ತದೆ. ಮಧ್ಯೆ ಎದ್ದುಹೋಗಿ ಬಾತ್‌ರೂಮಿನಲ್ಲಿ ಟವೆಲ್ ಬಾಯಿಗೆ ತುರುಕಿಕೊಂಡು ಅತ್ತೆ. ವಾಪಸ್ ಬಂದಾಗ ನನ್ನ ಪಾಲಿನ ಗುಡ್ಡೆ ಹಾಗೇ ಇತ್ತು. ಮುಟ್ಟಿರಲಿಲ್ಲ.

ಮೂರು ಗಂಟೆ ಹೊತ್ತಿಗೆ ಅಜ್ಜಿ ತಮ್ಮ ಅಣ್ಣನ ಫೋಟೊ ತಂದರು. 1942ರ ಬೇಸಿಗೆಯಲ್ಲಿ ರಷ್ಯಾಕ್ಕೆ ಹೋದ ಹುಡುಗ. ಡಿಸೆಂಬರ್‌ನಿಂದ ಕಾಗದ ಬರಲಿಲ್ಲ. ಹೆಣ ನೋಡದೆ ಸತ್ತವನ ಪೂಜೆ ಮಾಡಿಸುವುದಿಲ್ಲ ಎಂದು ಅವರ ಅಮ್ಮ ಹನ್ನೊಂದು ವರ್ಷ ಹಟ ಹಿಡಿದಿದ್ದರಂತೆ.

'ನಿನ್ನ ಜನರಲ್ ಇವರನ್ನು ಕಳಿಸಬೇಡಿ ಅಂದಿದ್ದನಂತೆ, ಹೌದಾ?' ಎಂದು ಕೇಳಿದರು.

ಮೆಸ್ಸೆ ಇಲ್ಲೇ ಪಕ್ಕದ ಮೆಸಾನ್ಯೆ ಊರಿನವನು. 1883ರಲ್ಲಿ ಹುಟ್ಟಿದ್ದು. 1901ರಲ್ಲಿ ಕೆಳಗಿನ ದರ್ಜೆಯಲ್ಲಿ ಸೇನೆ ಸೇರಿ ಮೇಲೆ ಬಂದವನು. ಮೊದಲ ಮಹಾಯುದ್ಧದಲ್ಲಿ ಗ್ರಾಪ್ಪ ಬೆಟ್ಟದಲ್ಲಿ ಆರ್ದಿತಿ ಎಂಬ ಮುನ್ನುಗ್ಗಿ ದಾಳಿ ಮಾಡುವ ದಳ ನಡೆಸಿದ. 1941ರಲ್ಲಿ 62 ಸಾವಿರ ಜನರೊಂದಿಗೆ ರಷ್ಯಾಕ್ಕೆ ಹೋದ. ಮುಸೊಲಿನಿ ಇನ್ನಷ್ಟು ಜನ ಕಳಿಸಲು ಹೊರಟಾಗ, ಲಾರಿ ಇಲ್ಲ, ತಕ್ಕ ಆಯುಧ ಇಲ್ಲ, ಬೇಡ ಎಂದ. ಸಂಧಾನದ ಮೇಜಿನಲ್ಲಿ 60 ಸಾವಿರಕ್ಕಿಂತ ಎರಡು ಲಕ್ಷಕ್ಕೆ ತೂಕ ಜಾಸ್ತಿ ಎಂದು ಉತ್ತರ ಬಂತು. ಎರಡು ಲಕ್ಷಕ್ಕೂ ಮೀರಿ ಹೋದರು. 1942ರ ನವೆಂಬರ್‌ನಲ್ಲಿ ಮೆಸ್ಸೆ ವಾಪಸ್ ಬಂದ. ಡಿಸೆಂಬರ್‌ನಲ್ಲಿ ಡಾನ್ ನದಿ ದಂಡೆಯ ಸಾಲು ಒಡೆಯಿತು.

ಇಷ್ಟನ್ನು ಹೇಳಿದೆ. ಅಜ್ಜಿ ಒಂದು ಕಾಯಿ ಬಿಡಿಸಿದರು. 'ಬೇಡ ಅಂದ. ಆಮೇಲೆ ತಾನು ಮನೆಗೆ ಬಂದ' ಎಂದರು. ಸಿಟ್ಟಿರಲಿಲ್ಲ. ಮತ್ತೆ ಸುಲಿಯತೊಡಗಿದರು.

ಅಲ್ಲಿಯವರೆಗೆ ನಾನು ಆ ಅಧ್ಯಾಯದಲ್ಲಿ ಅವನನ್ನು ಸುಮ್ನೆ ಹೀರೋ ಮಾಡಿದ್ದೆ. ಮುಸೊಲಿನಿಗೆ ಬೇಡ ಎಂದ ಆ ಮಾತೂ ಯುದ್ಧ ಮುಗಿದ ಮೇಲೆ ಅವನೇ ಬರೆದುಕೊಂಡದ್ದು ಅಲ್ವಾ? ಅಧ್ಯಾಯ ಕಿತ್ತು ಮತ್ತೆ ಬರೆದೆ. ಮುಂದಿನದು ಬರೆಯಲು ಸುಲಭವಾಯಿತು: ಟ್ಯುನೀಷಿಯಾ, ಅಲ್ಲಿನ ವಾದಿ ಅಕಾರಿತ್‌ನಲ್ಲಿ ಎದುರಿಗೆ ಬಂದ 4ನೇ ಭಾರತೀಯ ಡಿವಿಷನ್, 1943ರ ಮೇ 12ಕ್ಕೆ ಮಾರ್ಷಲ್ ಪಟ್ಟ, 13ಕ್ಕೆ ಶರಣಾಗತಿ. ಇಂಗ್ಲೆಂಡಿನ ಸೆರೆಮನೆಯಲ್ಲಿ ಅವನ ಮಾತನ್ನೆಲ್ಲ ಬ್ರಿಟಿಷರು ಕದ್ದು ರೆಕಾರ್ಡ್ ಮಾಡಿಕೊಂಡರು. ಅದೇ ವರ್ಷದ ಕೊನೆಗೆ, ಮಿತ್ರಪಡೆಗಳ ಕಡೆ ಸೇರಿದ ಇಟಲಿ ಸೇನೆಗೆ ಮುಖ್ಯಸ್ಥನಾದ. ಆಮೇಲೆ ಸೆನೆಟರ್. 1968ರಲ್ಲಿ ತೀರಿಕೊಂಡ.

ಬೆಳಗ್ಗೆ ಐದಕ್ಕೆ ಅಜ್ಜಿ ಸಿಪ್ಪೆ ಬಳಿದುಕೊಂಡು ಹೊರಟರು. 'ನೀನು ನಿನ್ನಪ್ಪನನ್ನು ಹನ್ನೊಂದು ವರ್ಷ ಕಾಯಿಸಬೇಡ' ಎಂದರು. ಹನ್ನೊಂದನೇ ದಿನ ಅವರ ಅಡುಗೆಮನೆಯಲ್ಲೇ ಎಡೆ ಇಟ್ಟೆ. ಬಾಳೆಲೆ ಸಿಗಲಿಲ್ಲ. ಅಂಜೂರದ ಎಲೆ ಕೊಯ್ದು ತಂದುಕೊಟ್ಟರು.

ನಿನ್ನೆ ಪ್ರೂಫಿನ ಒಂದು ಹಾಳೆ ಒಯ್ದು ಕನ್ನಡದಲ್ಲೇ ಓದಿ ಹೇಳಿದೆ. ಒಂದಕ್ಷರ ತಿಳಿಯದಿದ್ದರೂ ಕಾಯಿ ಸುಲಿಯುತ್ತ ತಲೆಯಾಡಿಸುತ್ತಿದ್ದರು. 'ಡಾನ್' ಅನ್ನುವ ಮಾತು ಬಂದಾಗ ಮಾತ್ರ ಅವರ ಕೈ ನಿಂತಿತು.