ಎಲ್ಲರ ಮೈಗೂ ಹೊಂದುವ ಸಂಶೋಧನೆ ಬೇಕು

ಸಂಪಾದಕರೇ,

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂತು. ಅದು ಬೆರಳಿನೊಳಗೆ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಚರ್ಮ ಕಪ್ಪಾಗಿದ್ದರೆ ಆ ಲೆಕ್ಕ ತಪ್ಪುವ ಸಾಧ್ಯತೆ ಜಾಸ್ತಿ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಆಮ್ಲಜನಕ ಕುಸಿದಿದ್ದರೂ ಯಂತ್ರ ಅದನ್ನು ಹಿಡಿಯದೇ ಹೋದದ್ದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು 3 ಪಟ್ಟು ಹೆಚ್ಚು. ಇಂಥ ಸುಳಿವು 1990ರಲ್ಲೇ ಸಿಕ್ಕಿತ್ತು. ಮೂವತ್ತು ವರ್ಷ ಅದನ್ನು ಸುಮ್ನೆ ಬದಿಗಿಟ್ಟರಲ್ಲ, ಅದೇ ನನಗೆ ನೋವು.

ಔಷಧದ ಕಥೆಯೂ ಹೀಗೇ. ನಿದ್ರೆ ಮಾತ್ರೆ ಜೋಲ್ಪಿಡೆಮ್ ಹೆಂಗಸರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಆದರೂ ಅವರಿಗೆ ಅರ್ಧ ಡೋಸ್ ಸಾಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿದ್ದು 2013ರಲ್ಲಿ. ಮಾತ್ರೆ ಮಾರುಕಟ್ಟೆಗೆ ಬಂದು ಆಗಲೇ ಇಪ್ಪತ್ತು ವರ್ಷ ಕಳೆದಿತ್ತು. ಕಾರಿನ ಸುರಕ್ಷತಾ ಪರೀಕ್ಷೆಗೆ ಬಳಸುವ ಬೊಂಬೆಯೂ ಬಹುಕಾಲ ಸರಾಸರಿ ಗಂಡಸಿನ ಅಳತೆಯದ್ದೇ.

ಸಂಶೋಧಕರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಯಾರ ಮೇಲೆ ಪರೀಕ್ಷೆ ಮಾಡಿದ್ದೇವೆ ಎಂದು ಕೇಳಿಕೊಳ್ಳುವುದು ಅಭ್ಯಾಸವಾಗಿರಲಿಲ್ಲ ಅಷ್ಟೇ. ಇನ್ನಾದರೂ ಹಣ ಕೊಡುವವರು ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು. ಊರು, ರಸ್ತೆ, ಬಸ್ಸು ಯೋಜಿಸುವಾಗಲೂ ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು, ವಯಸ್ಸಾದವರು ನಕ್ಷೆ ಬರೆಯುವ ಮೇಜಿನ ಬಳಿಯೇ ಕೂತಿರಬೇಕು. ಕಟ್ಟಡ ಎದ್ದ ಮೇಲೆ ಇಳಿಜಾರು ಸೇರಿಸುವುದಕ್ಕಿಂತ ಮೊದಲೇ ಕೇಳುವುದು ಸುಲಭ, ಅಲ್ವಾ?

– ಒಬ್ಬ ಓದುಗ