ಸೆಲಡಾನ್ ಕೊಳ್ಳುವವರು ಮೊದಲು ತಳ ನೋಡಲಿ

ಮಾನ್ಯ ಸಂಪಾದಕರೇ,

ಚೀನಾದ ಹಳೆಯ ಹಸಿರು ಪಿಂಗಾಣಿಯನ್ನು, ಅಂದರೆ ಸೆಲಡಾನನ್ನು, ಮೊಬೈಲಿಗೆ ಬಂದ ಫೋಟೊ ನೋಡಿಯೇ ಮುಂಗಡ ಕೊಟ್ಟು ಕೊಳ್ಳುವವರು ಹೆಚ್ಚುತ್ತಿದ್ದಾರೆ. ಆ ಫೋಟೊಗಳಲ್ಲಿ ಕಾಣುವುದು ಬರೀ ಮುಂಭಾಗ. ಹಸಿರು ಬಣ್ಣವನ್ನು ಇಂದಿನ ಗ್ಯಾಸ್ ಭಟ್ಟಿಯಲ್ಲೂ ಸಲೀಸಾಗಿ ತರಬಹುದು. ವಸ್ತುವಿನ ವಯಸ್ಸು ಗೊತ್ತಾಗುವುದು ತಳದಲ್ಲಿ.

ಜೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚುವಾನ್ ಪಾತ್ರೆಗಳನ್ನೇ ತೆಗೆದುಕೊಳ್ಳಿ; ಮಾರುಕಟ್ಟೆಗೆ ಹೆಚ್ಚಾಗಿ ಬರುವುದೂ, ಹೆಚ್ಚಾಗಿ ನಕಲಾಗುವುದೂ ಇವೇ. ಮೆರುಗಿನಲ್ಲಿ, ಅಂದರೆ ಪಾತ್ರೆಗೆ ಹಚ್ಚಿ ಸುಡುವ ಗಾಜಿನಂಥ ಲೇಪದಲ್ಲಿ, ಶೇ 1ರಿಂದ 3ರಷ್ಟು ಕಬ್ಬಿಣದ ಆಕ್ಸೈಡ್ ಇರುತ್ತದೆ. ಭಟ್ಟಿಗೆ ಗಾಳಿ ಕಡಿಮೆ ಮಾಡಿ 1,200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಟ್ಟಾಗ ಅದು ಹಸಿರಾಗುತ್ತದೆ. ಗಾಳಿ ನುಗ್ಗಿದರೆ ಹಳದಿ, ಕಂದು. ಭಟ್ಟಿ ತಣಿಯುವಾಗ ಒಳಬರುವ ಗಾಳಿ ಗಾಜಿನಂಥ ಮೆರುಗಿನ ಕೆಳಗಿನ ಮಣ್ಣನ್ನು ಮುಟ್ಟುವುದಿಲ್ಲ. ಮೆರುಗು ಹಚ್ಚದ ಅಡಿಬಳೆಯ, ಅಂದರೆ ಪಾತ್ರೆ ನಿಲ್ಲುವ ತಳದ ಬಳೆಯ, ಮಣ್ಣು ಮಾತ್ರ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಈ ಕೆಂಪು ಒಂದೇ ಸಮ ಇರುವುದಿಲ್ಲ, ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ. ನಕಲು ಮಾಡುವವರು ಅಲ್ಲಿ ಕಂದು ಬಣ್ಣ ಬಳಿಯುತ್ತಾರೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಬಣ್ಣ ಮಣ್ಣಿನ ಮೇಲೆ ಕೂತಿರುವುದು, ಕೆಲವೊಮ್ಮೆ ಕುಂಚದ ಗೆರೆ ಸಹ, ಕಾಣುತ್ತದೆ.

ಚೀನಾದ ಯುವಾನ್ ಮತ್ತು ಮಿಂಗ್ ರಾಜವಂಶಗಳ ಕಾಲದ ದೊಡ್ಡ ತಟ್ಟೆಗಳ ತಳದಲ್ಲಿ ಸಾಮಾನ್ಯವಾಗಿ ಮೆರುಗಿಲ್ಲದ ಕೆಂಪು ವರ್ತುಲವೊಂದಿರುತ್ತದೆ. ಭಟ್ಟಿಯೊಳಗೆ ತಟ್ಟೆಯನ್ನು ಹೊತ್ತಿದ್ದ ಆಸರೆಯ ಗುರುತು ಅದು. ಥಾಯ್ಲೆಂಡಿನ ಸವಾಂಖಲೋಕ್ ಸೆಲಡಾನನ್ನೂ ಚೀನಾದ್ದೆಂದು ಮಾರುವುದುಂಟು. ಅದರ ತಳದಲ್ಲಿ ಕೊಳವೆಯಾಕಾರದ ಆಸರೆ ಬಿಟ್ಟ ಕಪ್ಪು ಉಂಗುರದ ಕಲೆ ಸಾಮಾನ್ಯ. ಆಕಾರ ಹೋಲಿಸಲು ಕೊರಿಯಾ ಕರಾವಳಿಯ ಸಿನಾನ್ ಹಡಗಿಗಿಂತ ಒಳ್ಳೆಯ ಆಧಾರ ಬೇಕಿಲ್ಲ. 1323ರಲ್ಲಿ ಮುಳುಗಿದ ಆ ಹಡಗಿನಿಂದ ಸಾವಿರಾರು ಲಾಂಗ್‌ಚುವಾನ್ ಪಾತ್ರೆಗಳನ್ನು ಎತ್ತಲಾಗಿದೆ.

ಸವೆತವನ್ನೂ ನಕಲು ಮಾಡುತ್ತಾರೆ. ನಿಜವಾದ ಬಳಕೆಯ ಗೀರುಗಳು ದಿಕ್ಕುದೆಸೆಯಿಲ್ಲದೆ, ತಟ್ಟೆಯ ನಡುವೆ ಹೆಚ್ಚು, ಅಂಚಿನತ್ತ ಕಡಿಮೆ. ಮರಳು ಕಾಗದದ ಗೀರುಗಳು ಸಾಲಾಗಿರುತ್ತವೆ. ಆಮ್ಲದಲ್ಲಿ ಅದ್ದಿದ್ದರೆ ಹೊಳಪು ಎಲ್ಲ ಕಡೆ ಒಂದೇ ಸಮ, ಬಳೆಯ ಸಂದಿಯಲ್ಲೂ, ಮಂಕಾಗಿರುತ್ತದೆ. ಕೈ ತಾಗದ ಆ ಸಂದಿ ಯಾಕೆ ಮಂಕಾಗಬೇಕು?

ಮಣ್ಣನ್ನು ಸುಟ್ಟು ಎಷ್ಟು ಕಾಲವಾಯಿತೆಂದು ಅಂದಾಜಿಸುವ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆಯ ಪ್ರಮಾಣಪತ್ರ ತೋರಿಸಿದರೂ ಪೂರ್ತಿ ನಂಬುವಂತಿಲ್ಲ. ಮಾದರಿಯನ್ನು ತಳದಿಂದ ತೆಗೆಯುತ್ತಾರೆ. ಹಳೆಯ ತಳಕ್ಕೆ ಹೊಸ ಒಡಲು ಕೂಡಿಸಿದ್ದರೆ ಪರೀಕ್ಷೆ ಪಾಸಾಗುತ್ತದೆ. ಮಾದರಿ ಎಲ್ಲಿಂದ ತೆಗೆದರು ಎಂಬ ಫೋಟೊ ಕೇಳಿ. ದುರಸ್ತಿ ಹುಡುಕಲು ಕತ್ತಲ ಕೋಣೆಯಲ್ಲಿ 365 ನ್ಯಾನೊಮೀಟರಿನ ಅಲ್ಟ್ರಾವೈಲೆಟ್ ಟಾರ್ಚ್ ಹಿಡಿಯಿರಿ: ಹೊಸ ಅಂಟು, ಬಣ್ಣ ಸಾಮಾನ್ಯವಾಗಿ ಬೇರೆಯಾಗಿ ಹೊಳೆಯುತ್ತವೆ. ಉಗುರಿನಿಂದ ತಟ್ಟಿದಾಗ ಸದ್ದು ಮೊಂಡಾಗಿದ್ದರೆ ಸೀಳಿರುವ ಅನುಮಾನ.

ಚೀನಾದ ಸಾಂಗ್ ರಾಜವಂಶದ ಕಾಲದ, ಅತಿ ಅಪರೂಪದ ‘ರೂ’ ಭಟ್ಟಿಯ ಪಾತ್ರೆ ಎಂದು ಯಾರಾದರೂ ತಂದರೆ ಮಾತು ಮುಂದುವರಿಸಲೇಬೇಡಿ. ಜಗತ್ತಿನಲ್ಲಿ ಉಳಿದಿರುವುದೇ ನೂರಕ್ಕಿಂತ ಕಡಿಮೆ. 2017ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಒಂದು ಪುಟ್ಟ ಬಟ್ಟಲು 29.4 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ‘ವಿಷ ಬಿದ್ದರೆ ಒಡೆಯುವ ತಟ್ಟೆ’ ಎಂಬ ಮಾತೂ ಹಾಗೆಯೇ. ಆಗ್ರಾದ ತಾಜ್ ಮ್ಯೂಸಿಯಂನ ಸೆಲಡಾನ್ ತಟ್ಟೆಗಳ ಬಗ್ಗೆಯೂ ಈ ನಂಬಿಕೆ ಇದೆ. ಇಷ್ಟು ಬಿಸಿಯಲ್ಲಿ ಬೆಂದ ಮೆರುಗು ಊಟದಲ್ಲಿನ ವಿಷಕ್ಕೆ ಜಗ್ಗುವುದಿಲ್ಲ. ಆ ಕಥೆಗೆ ದುಡ್ಡು ಕೊಡಬೇಡಿ.

ಕೊಂಡ ಮೇಲೆ ತೊಳೆಯುವ ಆತುರ ಬೇಡ. ಬಿಸಿನೀರಿಗೆ ಹಳೆಯ ಅಂಟು ಬಿಡುತ್ತದೆ, ಬ್ಲೀಚ್ ಬಿರುಕುಗಳ ಒಳಗಿಳಿದು ಕೂರುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆ ಬ್ರಷ್ ಸಾಕು. ದುರಸ್ತಿಯಾಗಿದ್ದರೆ ನೀರೂ ಬೇಡ. ಎತ್ತುವಾಗ ಎರಡೂ ಕೈ ತಳಕ್ಕೆ, ಅಂಚಿಗಲ್ಲ. ಸ್ಪ್ರಿಂಗ್ ಇರುವ ತಂತಿಯ ಸ್ಟ್ಯಾಂಡು ಅಂಚನ್ನು ಸದಾ ಒತ್ತಿ ಚಕ್ಕೆ ಎಬ್ಬಿಸುತ್ತದೆ.

ಕಾನೂನಿನ ವಿಷಯ ಹಲವರಿಗೆ ಗೊತ್ತಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು; ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಚೀನಾ ಕೂಡ 1911ಕ್ಕಿಂತ ಹಿಂದಿನ ವಸ್ತುಗಳ ರಫ್ತನ್ನು 2007ರಿಂದ ನಿರ್ಬಂಧಿಸಿದೆ. ಹಾಗಾಗಿ ವಸ್ತು ಯಾವಾಗ, ಯಾರ ಮೂಲಕ ಭಾರತಕ್ಕೆ ಬಂತು ಎಂಬ ಹಳೆಯ ರಸೀದಿ, ಹರಾಜಿನ ಚೀಟಿ ಏನಿದ್ದರೂ ಹಣ ಕೊಡುವ ಮೊದಲೇ ಕೇಳಿ ಪಡೆಯಿರಿ.

– ಪಿಂಗಾಣಿ ಸಂಗ್ರಾಹಕರು, ಬೆಂಗಳೂರು