ಹಾಲು ತರಲು ನಾನೇ ಹೋಗುತ್ತೇನೆ

ಶಿರಸಿ

ಚಿ. ಸೌ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಡುವುದು ಸುಲಭ. ನೀನು ಫೋನಿನಲ್ಲಿ ಕಾಲುನೋವು ಹೇಗಿದೆ ಎಂದು ಕೇಳಿದಾಗಲೆಲ್ಲ ನಾನು ‘ಅಡ್ಡಿಲ್ಲ’ ಎನ್ನುವುದೂ ಅಂಥದೇ ರೂಢಿಯ ಮಾತು. ದೀಪಾವಳಿಗೆ ಬಂದವಳು, ನನ್ನನ್ನು ಕೇಳದೆ, ಮನೆಬಾಗಿಲಿಗೆ ಹಾಲು ತಂದುಕೊಡಲು ಒಬ್ಬ ಹುಡುಗನನ್ನು ಗೊತ್ತುಮಾಡಿ ಹೋದೆಯಲ್ಲ, ಅವನನ್ನು ಕಳೆದ ವಾರ ಬರಬೇಡವೆಂದೆ. ಕಾರಣವನ್ನು ಫೋನಿನಲ್ಲಿ ಹೇಳಲು ಹೊರಟರೆ ನಡುವೆ ನೀನು ಅಳುತ್ತೀಯೆ, ಇಲ್ಲವೇ ಬಯ್ಯುತ್ತೀಯೆ, ಆದ್ದರಿಂದ ಬರೆಯುತ್ತಿದ್ದೇನೆ.

ಈ ನೋವಿಗೆ 11 ವರ್ಷವಾಯಿತು. ಬಿಸಿಯೂಟದ ಅಕ್ಕಿಮೂಟೆ ಇರಚಲಿಗೆ ನೆನೆಯುತ್ತದೆಂದು ಶಾಲೆಯ ಜಗಲಿಯಿಂದ ಒಳಗೆಳೆದ ದಿನ ಸೊಂಟದಲ್ಲಿ ಹುಟ್ಟಿದ ಚಳಕು, ಮೂರನೆಯ ದಿನಕ್ಕೆ ತೊಡೆಯ ಹಿಂಭಾಗಕ್ಕಿಳಿದು, ಮೀನಖಂಡವನ್ನು ದಾಟಿ, ಕಿರುಬೆರಳಿನವರೆಗೆ ಉರಿಯಾಗಿ ಹರಿಯಿತು. ಸೊಂಟದ ಕೊನೆಯ ಮಣಿಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವಣ ಮೆತ್ತೆ, ಅಂದರೆ ಡಿಸ್ಕು, ಹಿಂದಕ್ಕೆ ಉಬ್ಬಿ ನರದ ಬೇರನ್ನು ಒತ್ತುತ್ತಿರುವುದು ಎಂಆರ್‌ಐನಲ್ಲಿ ಕಂಡಿತು. ಒತ್ತು ಬಿದ್ದದ್ದು ಸೊಂಟದಲ್ಲಿ, ಶಿಕ್ಷೆ ಪಾದಕ್ಕೆ. ತರಗತಿಯಲ್ಲಿ ಒಬ್ಬನ ಕಿತಾಪತಿಗೆ ಪಕ್ಕದವನಿಗೆ ಏಟು ಬಿದ್ದ ಹಾಗೆ. ಹೀಗೆ ಸೊಂಟದಿಂದ ಕಾಲಿಗಿಳಿಯುವ ನರದ ನೋವೇ ಸಯಾಟಿಕಾ, ಆಯುರ್ವೇದದಲ್ಲಿ ಅದಕ್ಕೆ ಗೃಧ್ರಸಿ ಎನ್ನುತ್ತಾರೆ. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ಹದ್ದಿನಂತಾಗುವುದರಿಂದ ಆ ಹೆಸರಂತೆ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಬಿದ್ದ ನನ್ನ ನೆರಳನ್ನು ಕಂಡಾಗ, ಹೆಸರಿಟ್ಟವನಿಗೆ ಕಣ್ಣಿತ್ತು ಎನಿಸುತ್ತದೆ.

ಮೊದಲು ನೋಡಿದ ವೈದ್ಯರೊಬ್ಬರು ಒಂದೂವರೆ ತಿಂಗಳು ಹಾಸಿಗೆ ಬಿಟ್ಟು ಏಳಬಾರದೆಂದರು, ನಾನು ಏಳಲಿಲ್ಲ. ಆಗ ನೀನು ಪಿಯುಸಿ ಓದುತ್ತಿದ್ದೆ, ಗಂಜಿ ತಂದುಕೊಡುತ್ತಿದ್ದೆ. ಕೊನೆಗೆ ಎದ್ದಾಗ ನೋವು ಇದ್ದಷ್ಟೇ ಇತ್ತು, ಕಾಲಿನ ಬಲ ಮಾತ್ರ ಹೋಗಿತ್ತು. ದೀರ್ಘಕಾಲ ಮಲಗುವುದು ಇದಕ್ಕೆ ಮದ್ದಲ್ಲವೆಂದು ಆಮೇಲೆ ಫಿಸಿಯೋಥೆರಪಿ ಮಾಡಿಸಿದ ಹುಡುಗಿ ತಿಳಿಸಿದಳು. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಇಳಿದುಹೋಗುವ ನೋವು ಇದು. ಇಳಿಯದೆ ಉಳಿದವರ ಸಾಲಿನಲ್ಲಿ ನಾನಿದ್ದೇನೆ, ಅಷ್ಟೆ.

ಈಗ ನನ್ನ ಬೆಳಗು ಹೀಗಿದೆ: ಮಗ್ಗುಲಾಗಿ, ಮೊಣಕಾಲು ಮಡಚಿ, ಕೈಯೂರಿ ಏಳುತ್ತೇನೆ. ಸೀನು ಬರುವ ಸುಳಿವು ಸಿಕ್ಕರೆ ಮೊದಲು ಗೋಡೆ ಹಿಡಿದುಕೊಳ್ಳುತ್ತೇನೆ, ಯಾಕೆಂದರೆ ಒಂದು ಸೀನಿಗೆ ಇಡೀ ಕಾಲು ಸಿಡಿಯುತ್ತದೆ. ದೊಡ್ಡ ಕ್ಯಾನು ಬಿಟ್ಟು, ಎರಡು ಕೈಗೂ ಸಮವಾಗಿರಲೆಂದು ಲೀಟರಿನ ಎರಡು ಸಣ್ಣ ಕ್ಯಾನು ಹಿಡಿದು ಡೈರಿಗೆ ಹೊರಡುತ್ತೇನೆ. ಹಲಸಿನ ಮರದವರೆಗೆ ಪ್ರತಿ ಹೆಜ್ಜೆಯೂ ಲೆಕ್ಕದ್ದು, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಿಂದಿರುಗುವಾಗ ಕಾಲು ಸಡಿಲವಾಗಿ, ಕೆಲವು ದಿನ ನೋವಿರುವುದೇ ಮರೆತಿರುತ್ತದೆ. ನೀನು ನನಗೆ ಸುಖವಾಗಲೆಂದು ತಪ್ಪಿಸಿದ್ದು ದಿನದ ಆ ಹೊತ್ತನ್ನೇ.

ಬೆಂಗಳೂರಿನಲ್ಲಿ ಆಪರೇಷನ್ನಿಗಾಗಿ ನೀನು ಗೊತ್ತುಮಾಡಿದ ದಿನವನ್ನೂ ಸದ್ಯಕ್ಕೆ ಬಿಡು. ಶಸ್ತ್ರಚಿಕಿತ್ಸೆಯನ್ನು ನಾನು ಹಳಿಯುತ್ತಿಲ್ಲ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಪಾದ ಎತ್ತಲಾಗದಿದ್ದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ನಿನ್ನ ಅಪ್ಪನಿಗೂ ಎರಡು ಸಲ ಓದಿಸಿದ್ದೇನೆ.

ಗೃಹಪ್ರವೇಶಕ್ಕೆ ಖಂಡಿತ ಬರುತ್ತೇನೆ. ಸುಮಾರು 400 ಕಿ.ಮೀ. ಕೂತು ಬರುವುದು ಆಗದು, ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಬರ್ತನ್ನೇ ಕಾಯ್ದಿರಿಸು. ನೆಲದ ಪಂಕ್ತಿಯಲ್ಲಿ ನನಗೆ ಎಲೆ ಹಾಕಿಸಬೇಡ. ಬಾಗಿಲ ಬಳಿ ಬಂದವರಿಗೆ ಅರಿಸಿನ ಕುಂಕುಮ ಕೊಡುವ ಕೆಲಸವನ್ನು ನಿಂತೇ ಮಾಡಬಹುದು. ನಿನ್ನ ಅತ್ತೆಯವರಿಗೆ ಹೇಳಿ ಅದನ್ನು ನನಗೆ ಉಳಿಸಿಡು.

ಇತಿ,
ನಿನ್ನ ಅಮ್ಮ